ಕೂಲಿ ಏರಿಸಿ ನೆರವು ಕಡಿದರೆ ಮನೆಗೆ ಏನು ಉಳಿಯುತ್ತದೆ? ಬ್ರಿಟನ್ನಿನ 2015ರ ಬಜೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಸಂಬಳ ಸರಿಯಾಗಿ ಕೊಡಿಸಿ, ಆಮೇಲೆ ಸರ್ಕಾರದ ನೆರವು ಯಾರಿಗೆ ಬೇಕು?" ಈ ಮಾತನ್ನು ನೀವೂ ಕೇಳಿರುತ್ತೀರಿ. ಕೇಳಿದ ಕೂಡಲೇ ಹೌದಲ್ವಾ ಅನ್ನಿಸುತ್ತದೆ. ಬ್ರಿಟನ್ ಸರ್ಕಾರ 2015ರಲ್ಲಿ ಇದನ್ನು ನಿಜವಾಗಿಯೂ ಮಾಡಲು ಹೊರಟಿತು. ಒಂದೇ ಬಜೆಟ್‌ನಲ್ಲಿ ಕನಿಷ್ಠ ಕೂಲಿ ಏರಿತು, ದುಡಿಯುವ ಬಡವರ ನೆರವಿಗೆ ಕತ್ತರಿ ಬಿತ್ತು. ಆಮೇಲೆ ಏನಾಯಿತು ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು. ಹಾಗಾಗಿ ಸುಮ್ನೆ ವಾದ ಮಾಡುವುದಕ್ಕಿಂತ ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಟ್ಟಿದ್ದೇನೆ.

2015ರಲ್ಲಿ ಆಗಿದ್ದೇನು?

ಆ ವರ್ಷದ ಮೇ ತಿಂಗಳಲ್ಲಿ ಕನ್ಸರ್ವೇಟಿವ್ ಪಕ್ಷ ಚುನಾವಣೆ ಗೆದ್ದಿತು. ಜುಲೈ 8ರಂದು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಹೊಸ ಬಜೆಟ್ ಮಂಡಿಸಿದರು. ಬ್ರಿಟನ್‌ನಲ್ಲಿ ಕೂಲಿ ಕಡಿಮೆ, ತೆರಿಗೆ ಜಾಸ್ತಿ, ನೆರವೂ ಜಾಸ್ತಿ. ಇದನ್ನು ತಿರುಗಿಸಿ ಕೂಲಿ ಜಾಸ್ತಿ, ತೆರಿಗೆ ಕಡಿಮೆ, ನೆರವು ಕಡಿಮೆ ಮಾಡಬೇಕು ಅನ್ನುವುದು ಅವರ ಮಾತಿನ ತಿರುಳು. ಪ್ರಧಾನಿ ಡೇವಿಡ್ ಕ್ಯಾಮರೂನ್ ಅದಕ್ಕೆ ಕೆಲವೇ ದಿನ ಮೊದಲು ಇದೇ ಧಾಟಿಯಲ್ಲಿ ಮಾತಾಡಿದ್ದರು. ಸರ್ಕಾರ ಒಂದು ಕೈಯಲ್ಲಿ ತೆರಿಗೆ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ನೆರವು ಕೊಡುವುದು ಯಾಕೆ ಅನ್ನುವುದು ಅವರ ಪ್ರಶ್ನೆ.

ಕೂಲಿಯ ಕಡೆ: 25 ವರ್ಷ ತುಂಬಿದವರಿಗೆ 2016ರ ಏಪ್ರಿಲ್‌ನಿಂದ ಗಂಟೆಗೆ 7.20 ಪೌಂಡ್. ಅದಕ್ಕೆ 'ನ್ಯಾಷನಲ್ ಲಿವಿಂಗ್ ವೇಜ್' ಅಂತ ಹೆಸರಿಟ್ಟರು. ಅದಕ್ಕೆ ಮೊದಲು, 2015ರ ಅಕ್ಟೋಬರ್‌ನಿಂದ, ದರ 6.70 ಪೌಂಡ್ ಇತ್ತು.

ನೆರವಿನ ಕಡೆ: ವರ್ಷಕ್ಕೆ ಒಟ್ಟು 12 ಬಿಲಿಯನ್ ಪೌಂಡ್, ಅಂದರೆ 1,200 ಕೋಟಿ ಪೌಂಡ್ ಉಳಿಸುವ ಗುರಿ. ದುಡಿಯುವ ವಯಸ್ಸಿನವರ ಬಹುಪಾಲು ನೆರವಿನ ದರಗಳು ನಾಲ್ಕು ವರ್ಷ ಇದ್ದಲ್ಲೇ ನಿಲ್ಲುತ್ತವೆ. ಬೆಲೆ ಏರಿದರೂ ಅವು ಏರುವುದಿಲ್ಲ. 2017ರ ಏಪ್ರಿಲ್ ನಂತರ ಹುಟ್ಟುವ ಮೂರನೇ ಮಗುವಿಗೆ ಮಗುವಿನ ಪಾಲಿನ ನೆರವು ಇಲ್ಲ. ಒಂದು ಮನೆಗೆ ಸಿಗುವ ಒಟ್ಟು ನೆರವಿನ ಮಿತಿ ವರ್ಷಕ್ಕೆ 26,000 ಪೌಂಡ್‌ನಿಂದ ಲಂಡನ್‌ನಲ್ಲಿ 23,000ಕ್ಕೆ, ಬೇರೆ ಕಡೆ 20,000ಕ್ಕೆ ಇಳಿಯುತ್ತದೆ. ಇವೆಲ್ಲದರ ಜೊತೆಗೆ ಟ್ಯಾಕ್ಸ್ ಕ್ರೆಡಿಟ್‌ಗೆ ಕತ್ತರಿ. ದೊಡ್ಡ ಜಗಳ ಆಗಿದ್ದು ಇದರ ಮೇಲೆಯೇ.

ಟ್ಯಾಕ್ಸ್ ಕ್ರೆಡಿಟ್ ಅಂದರೆ ತೆರಿಗೆ ವಿನಾಯಿತಿನಾ?

ಹೆಸರು ಹಾಗಿದೆ, ಆದರೆ ಅಲ್ಲ. ಅದು ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತಿದ್ದ ನೆರವಿನ ಹಣ. ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ, 2003ರ ಏಪ್ರಿಲ್‌ನಲ್ಲಿ ಇದನ್ನು ಎರಡು ಭಾಗ ಮಾಡಿ ತಂದರು. ಒಂದು ಮಕ್ಕಳಿರುವ ಮನೆಗೆ, ಇನ್ನೊಂದು ಕಡಿಮೆ ಸಂಬಳಕ್ಕೆ ದುಡಿಯುವವರಿಗೆ. ಕೆಲಸ ಬಿಟ್ಟು ಕೂತವರಿಗೆ ಕೊಡುವ ಭತ್ಯೆ ಇದಲ್ಲ ಅನ್ನುವುದನ್ನು ನೆನಪಿಡಬೇಕು. ಅಂಗಡಿಯ ಗಲ್ಲಾದಲ್ಲಿ ಕೂರುವವರು, ಆಫೀಸು ಗುಡಿಸಿ ಒರೆಸುವವರು, ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವವರು, ಇಂಥ ದುಡಿಯುವ ಮನೆಗಳಿಗೂ ಈ ಹಣ ಹೋಗುತ್ತಿತ್ತು.

ಸಂಬಳ ಒಂದು ಮಿತಿ ದಾಟಿದ ಮೇಲೆ ನೆರವು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿತ್ತು. ಆ ಮಿತಿ ವರ್ಷಕ್ಕೆ 6,420 ಪೌಂಡ್. ಅದರ ಮೇಲಿನ ಒಂದೊಂದು ಪೌಂಡ್ ಗಳಿಕೆಗೂ 41 ಪೆನ್ಸ್ ನೆರವು ಕಡಿತ. ಆಸ್ಬೋರ್ನ್ ಮಿತಿಯನ್ನು 3,850ಕ್ಕೆ ಇಳಿಸಿ, ಕಡಿತವನ್ನು 48 ಪೆನ್ಸ್‌ಗೆ ಏರಿಸಲು ಹೊರಟರು.

ಕೂಲಿ ಏರಿದ್ದರಿಂದ ಈ ಕಡಿತ ತುಂಬಿ ಬರುತ್ತಿರಲಿಲ್ವಾ?

ಇಲ್ಲ. ಇದನ್ನು ಲೆಕ್ಕದಲ್ಲೇ ನೋಡಿಬಿಡೋಣ. ಒಬ್ಬಳೇ ಮಕ್ಕಳನ್ನು ಸಾಕುವ ತಾಯಿ ಇದ್ದಾಳೆ ಅಂದುಕೊಳ್ಳಿ. ಮಕ್ಕಳು ಚಿಕ್ಕವರು, ವಾರಕ್ಕೆ 16 ಗಂಟೆ ಮಾತ್ರ ಕೆಲಸ. (ಆಗ ಅಂಥ ತಾಯಂದಿರಿಗೆ ದುಡಿಮೆಯ ಕ್ರೆಡಿಟ್ ಸಿಗಬೇಕಾದರೆ ವಾರಕ್ಕೆ 16 ಗಂಟೆಯಾದರೂ ದುಡಿಯಬೇಕಿತ್ತು. ಹಾಗಾಗಿ ಸರಿಯಾಗಿ 16 ಗಂಟೆ ಕೆಲಸ ಮಾಡುವವರು ತುಂಬಾ ಇದ್ದರು.)

ಗಂಟೆಗೆ 50 ಪೆನ್ಸ್ ಏರಿದರೆ ವಾರಕ್ಕೆ 8 ಪೌಂಡ್, ವರ್ಷಕ್ಕೆ 416 ಪೌಂಡ್ ಜಾಸ್ತಿ ಬರುತ್ತದೆ. ಅವಳ ವರ್ಷದ ಗಳಿಕೆ ಈಗ ಸುಮಾರು 5,990 ಪೌಂಡ್. ಹಳೆಯ ನಿಯಮದಲ್ಲಿ ಇದು 6,420ರ ಒಳಗೇ ಇತ್ತು, ಒಂದು ಪೆನ್ನಿಯೂ ಕಡಿತ ಇರಲಿಲ್ಲ. ಹೊಸ ನಿಯಮದಲ್ಲಿ 3,850ರ ಮೇಲಿನ 2,140 ಪೌಂಡ್‌ಗೆ 48 ಪೆನ್ಸ್‌ನಂತೆ ಸುಮಾರು 1,027 ಪೌಂಡ್ ಹೋಗುತ್ತದೆ. ಬಂದದ್ದು 416, ಹೋದದ್ದು 1,027. ವರ್ಷಕ್ಕೆ 611 ಪೌಂಡ್ ನಷ್ಟ.

ಸರಿ, ಅವಳು ಜಾಸ್ತಿ ಹೊತ್ತು ದುಡಿಯಲಿ ಅನ್ನುತ್ತೀರಾ? ವಾರಕ್ಕೆ 35 ಗಂಟೆ ದುಡಿಯುವವಳನ್ನೇ ತೆಗೆದುಕೊಳ್ಳಿ. ಅವಳಿಗೆ ವರ್ಷಕ್ಕೆ 910 ಪೌಂಡ್ ಕೂಲಿ ಏರುತ್ತದೆ. ಅದರಲ್ಲಿ ಆದಾಯ ತೆರಿಗೆ ನೂರಕ್ಕೆ 20, ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಮುಂತಾದವಕ್ಕೆ ಸಂಬಳದಿಂದ ಮುರಿಯುವ ವಂತಿಗೆ) ನೂರಕ್ಕೆ 12 ಹೋಗುತ್ತದೆ. ಕೈಗೆ ಬರುವುದು 619. ಟ್ಯಾಕ್ಸ್ ಕ್ರೆಡಿಟ್ ಕಡಿತ ಮಾತ್ರ ಹಳೆಯ ನಿಯಮಕ್ಕಿಂತ ಸುಮಾರು 2,075 ಪೌಂಡ್ ಜಾಸ್ತಿ. ಒಟ್ಟು ನಷ್ಟ 1,456 ಪೌಂಡ್. ಅಂದರೆ ಜಾಸ್ತಿ ದುಡಿದವಳಿಗೆ ಜಾಸ್ತಿ ಪೆಟ್ಟು!

ಬ್ರಿಟನ್‌ನ ಬಜೆಟ್ ಲೆಕ್ಕಗಳಿಗೆ ಎಲ್ಲರೂ ಕಿವಿಗೊಡುವ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಸಂಸ್ಥೆ ಬಜೆಟ್‌ನ ಮರುದಿನವೇ ಇದನ್ನು ಹೇಳಿತ್ತು. ಕೂಲಿ ಏರಿಕೆ ಈ ಕಡಿತವನ್ನು ತುಂಬಿಕೊಡುವುದು ಲೆಕ್ಕದ ಪ್ರಕಾರವೇ ಸಾಧ್ಯವಿಲ್ಲ ಅಂತ ಅದರ ನಿರ್ದೇಶಕ ಪಾಲ್ ಜಾನ್ಸನ್ ಹೇಳಿದರು. ಕೂಲಿ ಏರಿಕೆಯಿಂದ ದುಡಿಯುವವರಿಗೆ ಸಿಗುವುದು ಸುಮಾರು 4 ಬಿಲಿಯನ್ ಪೌಂಡ್, ನೆರವಿನಲ್ಲಿ ಹೋಗುವುದು 12 ಬಿಲಿಯನ್.

ಕೂಲಿ ಏರಿಕೆಯ ಹಣ ಹಾಗಾದರೆ ಎಲ್ಲಿ ಹೋಗುತ್ತದೆ?

ಟ್ಯಾಕ್ಸ್ ಕ್ರೆಡಿಟ್ ಪಡೆಯುವ ಮನೆಗಳಲ್ಲಿ ಬಹುಪಾಲು ಸರ್ಕಾರದ ಖಜಾನೆಗೆ. ಇದನ್ನು ತುಂಬಾ ಜನ ಗಮನಿಸುವುದಿಲ್ಲ.

ಆಸ್ಬೋರ್ನ್ ಏನೂ ಕಡಿಯದೆ ಕೂಲಿ ಮಾತ್ರ ಏರಿಸಿದ್ದರೂ, ಆ 35 ಗಂಟೆಯ ತಾಯಿಗೆ 910 ಪೌಂಡ್‌ನಲ್ಲಿ ಸಿಗುತ್ತಿದ್ದದ್ದು ಸುಮಾರು 246 ಪೌಂಡ್ ಅಷ್ಟೇ. 291 ತೆರಿಗೆ ಮತ್ತು ಇನ್ಶೂರೆನ್ಸ್‌ಗೆ, 373 ಟ್ಯಾಕ್ಸ್ ಕ್ರೆಡಿಟ್ ಕಡಿತಕ್ಕೆ. ಪ್ರತಿ ಪೌಂಡ್‌ಗೆ 73 ಪೆನ್ಸ್ ಖಜಾನೆಗೆ, 27 ಪೆನ್ಸ್ ಅವಳಿಗೆ. ಹೊಸ ದರ ಬಂದಿದ್ದರೆ 80 ಪೆನ್ಸ್ ಖಜಾನೆಗೆ, 20 ಪೆನ್ಸ್ ಅವಳಿಗೆ.

ಅದೇ ಅಂಗಡಿಯಲ್ಲಿ ಅದೇ ಕೂಲಿಗೆ ಕೆಲಸ ಮಾಡುವ ಇನ್ನೊಬ್ಬಳ ಗಂಡನಿಗೆ ಒಳ್ಳೆಯ ಸಂಬಳ ಇದ್ದು, ಆ ಮನೆಗೆ ಟ್ಯಾಕ್ಸ್ ಕ್ರೆಡಿಟ್ ಬರುತ್ತಿಲ್ಲ ಅಂದುಕೊಳ್ಳಿ. ಅವಳಿಗೆ ಪೌಂಡ್‌ಗೆ 68 ಪೆನ್ಸ್ ಉಳಿಯುತ್ತದೆ. ಹಣ ಯಾರಿಗೆ ಜಾಸ್ತಿ ಬೇಕಿತ್ತೋ ಅವರಿಗೇ ಕಡಿಮೆ ಸೇರುತ್ತದೆ. ಯಾರಿಗೂ ಮೋಸ ಮಾಡುವ ಉದ್ದೇಶ ಇಲ್ಲದಿದ್ದರೂ ಹೀಗೇ ಆಗುತ್ತದೆ. ಕೂಲಿ ನೋಡುವುದು ಎಷ್ಟು ಗಂಟೆ ದುಡಿದರು ಅನ್ನುವುದನ್ನು. ನೆರವು ನೋಡುವುದು ಮನೆಯಲ್ಲಿ ಎಷ್ಟು ಹೊಟ್ಟೆ ಇದೆ ಅನ್ನುವುದನ್ನು. ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇದೇ. ಗಂಟೆ ಎಣಿಸುವ ತಕ್ಕಡಿಯಲ್ಲಿ ಹಸಿವನ್ನು ತೂಗಲು ಬರುವುದಿಲ್ಲ.

ನಮ್ಮ ಕಡೆಯ ಉದಾಹರಣೆ ಹೇಳಬೇಕೆಂದರೆ, ಮನೆಕೆಲಸಕ್ಕೆ ಬರುವವರಿಗೆ "ತಿಂಗಳಿಗೆ 200 ರೂಪಾಯಿ ಜಾಸ್ತಿ ಕೊಡ್ತೀವಿ, ನಾಳೆಯಿಂದ ತಿಂಡಿ ಕಾಫಿ ಮಾತ್ರ ಇಲ್ಲ" ಅಂದ ಹಾಗೆ. ಸಂಬಳ ಏರಿದ್ದು ನಿಜ. ಆದರೆ ದಿನಾ ಎರಡು ಇಡ್ಲಿ ಒಂದು ಲೋಟ ಕಾಫಿಗೆ ಹೊರಗಡೆ ಎಷ್ಟಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ನೆರವು ಕೊಡುವುದರಿಂದಲೇ ಮಾಲೀಕರು ಕಡಿಮೆ ಕೂಲಿ ಕೊಡುತ್ತಾರಂತಲ್ಲ?

ಇದು ಹಳೆಯ ವಾದ, ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. 1795ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಬ್ರೆಡ್ಡಿನ ಬೆಲೆ ವಿಪರೀತ ಏರಿತ್ತು. ಆಗ ಅಲ್ಲಿನ ಮ್ಯಾಜಿಸ್ಟ್ರೇಟರು ಸ್ಪೀನ್‌ಹ್ಯಾಮ್‌ಲ್ಯಾಂಡ್ ಅನ್ನುವ ಊರಿನ ಪೆಲಿಕನ್ ಎಂಬ ಛತ್ರದಲ್ಲಿ ಸೇರಿದರು. ಕೂಲಿ ಏರಿಸಬೇಕೋ ಬೇಡವೋ ಅಂತ ಚರ್ಚೆಯಾಯಿತು. ಕೊನೆಗೆ ಕಡ್ಡಾಯವಾಗಿ ಕೂಲಿ ಏರಿಸುವ ಬದಲು, ಬ್ರೆಡ್ಡಿನ ಬೆಲೆಗೆ ತಕ್ಕಂತೆ, ಮನೆಯ ಜನರ ಲೆಕ್ಕದಲ್ಲಿ ಊರಿನ ನಿಧಿಯಿಂದ ಹಣ ತುಂಬಿಕೊಡುವುದು ಅಂತ ತೀರ್ಮಾನಿಸಿದರು. ಹೇಗೂ ಊರು ತುಂಬಿಕೊಡುತ್ತದೆ ಅಂತ ಜಮೀನ್ದಾರರು ಕೂಲಿ ಇಳಿಸಿದರು ಅನ್ನುವ ದೂರು ಮುಂದೆ ಬಂತು. 1834ರಲ್ಲಿ ಹೊಸ ಕಾನೂನು ಬಂದು, ನೆರವು ಬೇಕಾದವರು ವರ್ಕ್‌ಹೌಸ್‌ಗೆ, ಅಂದರೆ ಬಡವರನ್ನು ಇಟ್ಟುಕೊಂಡು ದುಡಿಸುವ ಸರ್ಕಾರಿ ವಸತಿಗೆ, ಸೇರಬೇಕು ಅನ್ನುವಷ್ಟು ಬಿಗಿಯಾಯಿತು. ಆ ವರ್ಕ್‌ಹೌಸ್‌ಗಳಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡುತ್ತಿದ್ದರು. ಓದಿದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗಿನ ಕಾಲಕ್ಕೆ ಬರೋಣ. ನೆರವಿನ ಸ್ವಲ್ಪ ಪಾಲು ಮಾಲೀಕರ ಜೇಬಿಗೆ ಸೇರಬಹುದು, ಅದನ್ನು ಅರ್ಥಶಾಸ್ತ್ರಜ್ಞರು ಒಪ್ಪುತ್ತಾರೆ. ಆದರೆ ಒಂದು ಮಾತು. ಅಂಗಡಿಯ ಮಾಲೀಕ ಮೂರು ಮಕ್ಕಳ ತಾಯಿಗೂ, ಮದುವೆಯಾಗದ ಹುಡುಗನಿಗೂ ಒಂದೇ ಕೂಲಿ ಕೊಡುತ್ತಾನೆ. ಯಾರಿಗೆ ಎಷ್ಟು ನೆರವು ಬರುತ್ತದೆ ಅಂತ ಅವನು ಕೇಳುವುದಿಲ್ಲ. ಹಾಗಿರುವಾಗ ನೆರವು ನಿಂತ ತಕ್ಷಣ ಅವನೇ ಆ ತಾಯಿಗೆ ಜಾಸ್ತಿ ಕೊಡುತ್ತಾನೆ ಅನ್ನುವುದನ್ನು ಹೇಗೆ ನಂಬುವುದು? ಕೂಲಿಗೆ ಕಾನೂನಿನ ತಳಪಾಯ ಇರಲೇಬೇಕು, ಮಾಲೀಕರು ಕೂಲಿ ಇಳಿಸದಂತೆ ಅದು ತಡೆಯುತ್ತದೆ. ಬ್ರಿಟನ್‌ನಲ್ಲಿ ಅದು 1999ರ ಏಪ್ರಿಲ್‌ನಲ್ಲಿ ಗಂಟೆಗೆ 3.60 ಪೌಂಡ್‌ನಿಂದ ಶುರುವಾಯಿತು. ಆಮೇಲೆ ಅದೇ ಸರ್ಕಾರ ಟ್ಯಾಕ್ಸ್ ಕ್ರೆಡಿಟ್ ತಂದಿತು. ಎರಡೂ ಒಂದಕ್ಕೊಂದು ಊರುಗೋಲು ಆಗಿದ್ದವು.

ಟ್ಯಾಕ್ಸ್ ಕ್ರೆಡಿಟ್ ಕಡಿತ ಜಾರಿಗೆ ಬಂತಾ?

ಬರಲಿಲ್ಲ. ಸುಮಾರು 30 ಲಕ್ಷ ಕುಟುಂಬಗಳಿಗೆ ವರ್ಷಕ್ಕೆ ಸರಾಸರಿ 1,000 ಪೌಂಡ್ ನಷ್ಟವಾಗುತ್ತದೆ ಅನ್ನುವ ಲೆಕ್ಕ ಜನರ ಬಾಯಲ್ಲಿ ಓಡಾಡತೊಡಗಿತು. ಆಳುವ ಪಕ್ಷದ ಸಂಸದರಿಗೇ ಕಸಿವಿಸಿ ಶುರುವಾಯಿತು. 2015ರ ಅಕ್ಟೋಬರ್ 26ರಂದು ಮೇಲ್ಮನೆ ಇದನ್ನು ತಡೆದು ನಿಲ್ಲಿಸಿತು. ಹಣದ ವಿಷಯದಲ್ಲಿ ಮೇಲ್ಮನೆ ಹೀಗೆ ಅಡ್ಡ ಬರುವುದು ಅಲ್ಲಿ ಅಪರೂಪ. ಒಂದು ತಿಂಗಳ ನಂತರ, ನವೆಂಬರ್ 25ರಂದು, ಆಸ್ಬೋರ್ನ್ ಈ ಕಡಿತವನ್ನು ಪೂರ್ತಿ ಕೈಬಿಟ್ಟರು.

ಅಂದರೆ ಬಡವರು ಬಚಾವಾದರು?

ಅರ್ಧ ಮಾತ್ರ. ಟ್ಯಾಕ್ಸ್ ಕ್ರೆಡಿಟ್ ಜಾಗಕ್ಕೆ 'ಯೂನಿವರ್ಸಲ್ ಕ್ರೆಡಿಟ್' ಅನ್ನುವ ಹೊಸ ಪದ್ಧತಿ 2013ರಿಂದಲೇ ನಿಧಾನವಾಗಿ ಬರುತ್ತಿತ್ತು. 2015ರ ಅದೇ ಬಜೆಟ್ ಅದರಲ್ಲಿ ಮಾಡಿದ ಕಡಿತ ಹಾಗೇ ಉಳಿಯಿತು. ಮನೆ ಬಾಡಿಗೆಗೆ ನೆರವು ಪಡೆಯದ ಒಂಟಿ ತಾಯಿ ಮೊದಲು ತಿಂಗಳಿಗೆ 734 ಪೌಂಡ್ ದುಡಿಯುವವರೆಗೆ ನೆರವು ಕಡಿತ ಇರಲಿಲ್ಲ. 2016ರ ಏಪ್ರಿಲ್‌ನಿಂದ ಆ ಮಿತಿ 397ಕ್ಕೆ ಇಳಿಯಿತು. ಮಕ್ಕಳಿಲ್ಲದ, ಅಂಗವೈಕಲ್ಯವೂ ಇಲ್ಲದವರಿಗೆ ಇದ್ದ 111 ಪೌಂಡ್ ಮಿತಿ ಪೂರ್ತಿ ಹೋಯಿತು. ಟ್ಯಾಕ್ಸ್ ಕ್ರೆಡಿಟ್‌ನಲ್ಲೇ ಇದ್ದ ಹಳಬರಿಗೆ ಈ ಪೆಟ್ಟು ಬೀಳಲಿಲ್ಲ. ಯೂನಿವರ್ಸಲ್ ಕ್ರೆಡಿಟ್‌ಗೆ ಹೊಸದಾಗಿ ಬಂದವರು ಮೊದಲಿಂದಲೇ ಕಡಿಮೆ ಪಡೆದರು. ಕೈಗೆ ಬಂದಿದ್ದನ್ನು ಕಿತ್ತುಕೊಂಡರೆ ಜನ ಕೂಗುತ್ತಾರೆ, ಬರಬೇಕಿದ್ದದ್ದು ಬಾರದಿದ್ದರೆ ಅಷ್ಟು ಸದ್ದಾಗುವುದಿಲ್ಲ.

ನಾಲ್ಕು ವರ್ಷ ದರ ನಿಲ್ಲಿಸಿದ್ದೂ ಜಾರಿಯಾಯಿತು. ಯುರೋಪಿಯನ್ ಒಕ್ಕೂಟ ಬಿಡುವ ಬಗ್ಗೆ 2016ರಲ್ಲಿ ನಡೆದ ಜನಮತಗಣನೆಯ (ಬ್ರೆಕ್ಸಿಟ್) ನಂತರ ಪೌಂಡ್ ಬೆಲೆ ಕುಸಿದು ಸಾಮಾನು ದುಬಾರಿಯಾಯಿತು. ಹಾಗಾಗಿ ಆ ನಿಲುಗಡೆಯ ಪೆಟ್ಟು ಅಂದುಕೊಂಡದ್ದಕ್ಕಿಂತ ಜೋರಾಗಿ ಬಿತ್ತು.

ಕೂಲಿ ಏರಿಸಿದ್ದೇ ತಪ್ಪಾ?

ಖಂಡಿತ ಅಲ್ಲ. ಕೂಲಿ ಏರಿದ್ದು ಒಳ್ಳೆಯದೇ ಆಯಿತು, ಇದನ್ನು ಮನಸಾರೆ ಒಪ್ಪಬೇಕು. ಸರ್ಕಾರದ್ದೇ ಬಜೆಟ್ ಅಂದಾಜು ಕಚೇರಿ ಇದರಿಂದ 2020ರ ಹೊತ್ತಿಗೆ 60,000 ಕೆಲಸ ಕಡಿಮೆಯಾಗಬಹುದು ಅಂದಿತ್ತು. ಆದರೆ ಕೋವಿಡ್ ಬರುವ ಮೊದಲು ಅಲ್ಲಿ ಕೆಲಸದಲ್ಲಿರುವವರ ಪ್ರಮಾಣ ನೂರಕ್ಕೆ 76 ದಾಟಿ ದಾಖಲೆ ಮಾಡಿತು. ಅರ್ಥಶಾಸ್ತ್ರಜ್ಞ ಅರಿಂದ್ರಜಿತ್ ದುಬೆ 2019ರಲ್ಲಿ ಬ್ರಿಟನ್ ಸರ್ಕಾರಕ್ಕಾಗಿ ಹಲವು ದೇಶಗಳ ಅನುಭವ ಒಟ್ಟುಗೂಡಿಸಿ ನೋಡಿದರು. ಕನಿಷ್ಠ ಕೂಲಿ ಏರಿಕೆಯಿಂದ ಕೆಲಸಗಳಿಗೆ ಆಗುವ ಪೆಟ್ಟು ತೀರಾ ಕಡಿಮೆ ಅನ್ನುವುದೇ ಅವರಿಗೆ ಕಂಡದ್ದು.

ದರ 2020ಕ್ಕೆ 8.72, 2024ಕ್ಕೆ 11.44, 2025ಕ್ಕೆ 12.21 ಪೌಂಡ್ ಆಯಿತು. 2015ರಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಗಂಟೆ ಲೆಕ್ಕದಲ್ಲಿ 'ಕಡಿಮೆ ಕೂಲಿ' ಗುಂಪಿನಲ್ಲಿದ್ದರು. 2024ರಲ್ಲಿ ಅದು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಇದು ಸಣ್ಣ ಸಾಧನೆ ಅಲ್ಲ.

ಆದರೆ ಅದೇ ದೇಶದಲ್ಲಿ, ಬಾಡಿಗೆಯಂಥ ವಸತಿ ಖರ್ಚು ಕಳೆದು ನೋಡಿದರೆ, 2023-24ರಲ್ಲಿ ಸುಮಾರು 45 ಲಕ್ಷ ಮಕ್ಕಳು ಬಡತನದಲ್ಲಿದ್ದರು. ಅವರಲ್ಲಿ ಹತ್ತಕ್ಕೆ ಏಳು ಮಕ್ಕಳ ಮನೆಯಲ್ಲಿ ಒಬ್ಬರಾದರೂ ದುಡಿಯುತ್ತಿದ್ದರು. ಕಡಿಮೆ ಕೂಲಿ ಹೋಯಿತು, ಬಡತನ ಹೋಗಲಿಲ್ಲ. ಇವೆರಡೂ ಒಂದೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈ ಬದಲಾವಣೆಯಲ್ಲಿ ಯಾರು ಪೂರ್ತಿ ಹೊರಗುಳಿದರು?

25 ತುಂಬದವರಿಗೆ ಹೊಸ ದರ ಇರಲಿಲ್ಲ. ಬಾಡಿಗೆ ಮಾತ್ರ ಅವರಿಗೂ ಅಷ್ಟೇ. ವಯಸ್ಸಿನ ಮಿತಿ 2021ರಲ್ಲಿ 23ಕ್ಕೆ, 2024ರಲ್ಲಿ 21ಕ್ಕೆ ಇಳಿಯಿತು.

ಸ್ವಂತ ದುಡಿಮೆಯವರ ಕಥೆ ಇನ್ನೂ ಕಷ್ಟದ್ದು. ಟ್ಯಾಕ್ಸಿ ಓಡಿಸುವವರು, ಮನೆಯಲ್ಲೇ ಹೊಲಿಗೆ ಮಾಡುವವರು, ಇಂಥವರಿಗೆ ಕನಿಷ್ಠ ಕೂಲಿ ಅನ್ವಯಿಸುವುದೇ ಇಲ್ಲ. ಆದರೆ ಯೂನಿವರ್ಸಲ್ ಕ್ರೆಡಿಟ್ ಲೆಕ್ಕದಲ್ಲಿ, ಸಾಮಾನ್ಯವಾಗಿ ಮೊದಲ ಒಂದು ವರ್ಷ ಕಳೆದ ಮೇಲೆ, ಅವರು ಕನಿಷ್ಠ ಕೂಲಿಯಷ್ಟು ಗಳಿಸಿಯೇ ಇದ್ದಾರೆ ಅಂತ ಅಂದುಕೊಂಡು ನೆರವು ಕೊಡುತ್ತಾರೆ. ಹಾಗಾಗಿ ಕನಿಷ್ಠ ಕೂಲಿ ಏರಿದಾಗಲೆಲ್ಲ ಅವರ 'ಅಂದುಕೊಂಡ' ಗಳಿಕೆಯೂ ಏರುತ್ತದೆ. ಕೈಗೆ ಒಂದು ಪೆನ್ನಿ ಜಾಸ್ತಿ ಬರದೆಯೂ ನೆರವಿಗೆ ಕತ್ತರಿ ಬೀಳಬಹುದು.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ವಾರಕ್ಕೆ 62.10 ಪೌಂಡ್ ಭತ್ಯೆ ಸಿಗುತ್ತಿತ್ತು. ಅದಕ್ಕೆ ಷರತ್ತು, ಹೊರಗಿನ ಗಳಿಕೆ ವಾರಕ್ಕೆ 110 ಪೌಂಡ್ ದಾಟಬಾರದು. 6.70ರ ದರದಲ್ಲಿ 16 ಗಂಟೆ ದುಡಿದರೆ 107.20, ತೊಂದರೆ ಇಲ್ಲ. ದರ 7.20 ಆದಾಗ ಅದೇ 16 ಗಂಟೆಗೆ 115.20. ಮಿತಿ ಮಾತ್ರ ಅಲ್ಲೇ ಇತ್ತು. ಐದು ಪೌಂಡ್ ಮೀರಿದ್ದಕ್ಕೆ 62 ಪೌಂಡ್ ಭತ್ಯೆ ಪೂರ್ತಿ ಕೈತಪ್ಪುತ್ತದೆ! ಇಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯುವ ಮಾತೇ ಇಲ್ಲ, ಬಂಡೆಯಂಚಿನಿಂದ ಬಿದ್ದ ಹಾಗೆ. ಉಳಿದ ದಾರಿ ಗಂಟೆ ಕಡಿಮೆ ಮಾಡಿಕೊಳ್ಳುವುದು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಾ ಅಷ್ಟಿಷ್ಟು ದುಡಿಯುವ ಮಗಳಿಗೆ, ಕೂಲಿ ಏರಿತು ಅನ್ನುವ ಒಂದೇ ಕಾರಣಕ್ಕೆ ಈ ಪಾಡು ಬರಬೇಕಾ? ಈ ಮಿತಿಯನ್ನು 16 ಗಂಟೆಯ ಕನಿಷ್ಠ ಕೂಲಿಗೆ ಕಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ಒಂಬತ್ತು ವರ್ಷ ಬೇಕಾಯಿತು.

ಮಾಲೀಕರಿಗೆ ಏನಾಯಿತು?

ದೊಡ್ಡ ಕಂಪನಿಗಳಿಗೆ ಅದೇ ಬಜೆಟ್‌ನಲ್ಲಿ ಕಾರ್ಪೊರೇಷನ್ ತೆರಿಗೆ ನೂರಕ್ಕೆ 20ರಿಂದ 2017ರಲ್ಲಿ 19ಕ್ಕೆ, 2020ರಲ್ಲಿ 18ಕ್ಕೆ ಇಳಿಯುವ ಭರವಸೆ ಸಿಕ್ಕಿತು. ನಿಜವಾಗಿ ಒದ್ದಾಡಿದ್ದು ವೃದ್ಧರ ಆರೈಕೆಯ ಕ್ಷೇತ್ರ. ಅಲ್ಲಿ ಹಣ ಕೊಡುವುದು ಬಹುಪಾಲು ಸ್ಥಳೀಯ ಆಡಳಿತ, ಅದರ ಅನುದಾನಕ್ಕೂ ಆಗ ಕತ್ತರಿ ಬಿದ್ದಿತ್ತು. ಕೊನೆಗೆ ಆರೈಕೆಗಾಗಿಯೇ ಮನೆ ತೆರಿಗೆಯನ್ನು ನೂರಕ್ಕೆ 2ರಷ್ಟು ಏರಿಸಲು ಅವಕಾಶ ಕೊಟ್ಟರು.

'ಲಿವಿಂಗ್ ವೇಜ್' ಅಂದರೆ ಬದುಕಲು ಸಾಕಾಗುವಷ್ಟು ಕೂಲಿ ಅಂತ ಅಲ್ವಾ?

ಹೆಸರು ಹಾಗೆ ಹೇಳುತ್ತದೆ. ಆದರೆ ಆ ಹೆಸರು ಮೊದಲು ಇದ್ದದ್ದು ಒಂದು ಜನ ಚಳವಳಿಗೆ. ಪೂರ್ವ ಲಂಡನ್‌ನಲ್ಲಿ 2001ರಲ್ಲಿ ಅದು ಶುರುವಾಯಿತು. ಬದುಕಲು ನಿಜವಾಗಿ ಎಷ್ಟು ಬೇಕು ಅಂತ ಮನೆ ಖರ್ಚಿನಿಂದ ಲೆಕ್ಕ ಹಾಕಿ ಅವರು ದರ ಹೇಳುತ್ತಾರೆ. ಸರ್ಕಾರ 7.20 ಘೋಷಿಸಿದಾಗ ಅವರ ದರ ಲಂಡನ್‌ನಲ್ಲಿ 9.15, ಬೇರೆ ಕಡೆ 7.85 ಪೌಂಡ್ ಇತ್ತು. ಅದೂ ಕುಟುಂಬಕ್ಕೆ ಟ್ಯಾಕ್ಸ್ ಕ್ರೆಡಿಟ್ ಪೂರ್ತಿ ಸಿಗುತ್ತದೆ ಅಂತ ಇಟ್ಟುಕೊಂಡು ಹಾಕಿದ ಲೆಕ್ಕ. ನೆರವು ಕಡಿದರೆ ಆ ದರ ಇನ್ನೂ ಮೇಲೆ ಹೋಗಬೇಕಾಗುತ್ತದೆ.

ಮೂರನೇ ಮಗುವಿನ ನಿಯಮ ಈಗಲೂ ಇದೆಯಾ?

2025ರ ನವೆಂಬರ್ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಅದನ್ನು 2026ರ ಏಪ್ರಿಲ್‌ನಿಂದ ತೆಗೆದುಹಾಕುವುದಾಗಿ ಘೋಷಿಸಿದರು. ಈ ನಿಯಮದಿಂದ ಒಂದು ಮಗುವಿಗೆ ವರ್ಷಕ್ಕೆ ಸುಮಾರು 3,500 ಪೌಂಡ್ ತಪ್ಪುತ್ತಿತ್ತು. ಕೂಲಿ ಎಷ್ಟೇ ಏರಲಿ, ಮೂರು ಮಕ್ಕಳಿದ್ದಾರೆ ಅಂತ ಯಾರೂ ಗಂಟೆಗೆ ಜಾಸ್ತಿ ಕೊಡುವುದಿಲ್ಲವಲ್ಲ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ನಮ್ಮಲ್ಲಿ ಇಂಥ ಬಜೆಟ್ ಬಂದಿಲ್ಲ. ಆದರೆ ಆ ಬಂಡೆಯಂಚು ನಮ್ಮಲ್ಲೂ ಇದೆ. ಬಿಪಿಎಲ್ ಕಾರ್ಡ್‌ಗೆ ಮನೆಯ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಅಂದರೆ ತಿಂಗಳಿಗೆ 10,000. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಣ್ಣುಮಗಳಿಗೆ ಸರ್ಕಾರವೇ ಗೊತ್ತು ಮಾಡಿದ ಕನಿಷ್ಠ ಕೂಲಿ ಪೂರ್ತಿ ಸಿಕ್ಕರೆ ಅವಳೊಬ್ಬಳ ಸಂಬಳವೇ ಅದನ್ನು ದಾಟುತ್ತದೆ. ಇಎಸ್‌ಐಗೆ ತಿಂಗಳಿಗೆ 21,000 ರೂಪಾಯಿ ಮಿತಿ, ಅದು 2017ರಿಂದ ಇದ್ದಲ್ಲೇ ಇದೆ. ಕೂಲಿ ವರ್ಷ ವರ್ಷ ಏರುತ್ತದೆ, ಮಿತಿ ಏರುವುದಿಲ್ಲ. ಯಾರೂ ಏನನ್ನೂ ಕಡಿಯದೆಯೇ ಕಡಿತವಾಗುವುದು ಹೀಗೆ. ಕೂಲಿ ಏರಿಸುವ ಆದೇಶ ಹೊರಡುವ ದಿನವೇ ಇಂಥ ಮಿತಿಗಳನ್ನೂ ಏರಿಸಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ನಾನು ವೀಸಾ ಮೇಲೆ ಬ್ರಿಟನ್‌ನಲ್ಲಿದ್ದೇನೆ. ನನಗೆ ಇದು ಅನ್ವಯಿಸುತ್ತದಾ?

ಕನಿಷ್ಠ ಕೂಲಿ ಅನ್ವಯಿಸುತ್ತದೆ. ಯಾವ ದೇಶದವರಾದರೂ ಅದು ನಿಮ್ಮ ಹಕ್ಕು, ಓದುತ್ತಾ ವಾರಕ್ಕೆ 20 ಗಂಟೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೂ ಅಷ್ಟೇ. ನೆರವು ಮಾತ್ರ ಇಲ್ಲ. ಹೆಚ್ಚಿನ ಕೆಲಸದ ಮತ್ತು ವಿದ್ಯಾರ್ಥಿ ವೀಸಾಗಳಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಇರುತ್ತದೆ. ಆದರೂ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಕಟ್ಟಲೇಬೇಕು. ಕೂಲಿ ಕಡಿಮೆ ಕೊಡುತ್ತಿದ್ದಾರೆ ಅನ್ನಿಸಿದರೆ ಸಂಬಳದ ಚೀಟಿ ಮತ್ತು ದುಡಿದ ಗಂಟೆಗಳ ಲೆಕ್ಕ ಇಟ್ಟುಕೊಳ್ಳಿ. ಏಕಾಸ್ ಅನ್ನುವ ಸರ್ಕಾರಿ ಸಂಸ್ಥೆಯ ಸಹಾಯವಾಣಿಯಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ದೂರನ್ನು ಎಲ್ಲಿಗೆ ಕೊಡಬೇಕು ಅಂತಲೂ ಅಲ್ಲೇ ಕೇಳಿ. ಕನಿಷ್ಠ ಕೂಲಿ ಜಾರಿ ಮಾಡಿಸುವ ಹೊಣೆ ತುಂಬಾ ವರ್ಷ ತೆರಿಗೆ ಇಲಾಖೆಯದ್ದಾಗಿತ್ತು. ಬಾಕಿ ಕೂಲಿಯನ್ನು ಹಿಂದಿನ ಆರು ವರ್ಷದವರೆಗೆ ಲೆಕ್ಕ ಹಾಕಿ ಕೊಡಿಸಲು ಅವಕಾಶವಿದೆ.